ಆ ತಂತಿಗೆ ಜಡೆ ಅಂತ ಹೆಸರು

ಕೆಂಡಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ ಎಂದು ಲಾಂಡ್ರಿಯವರೆಲ್ಲ ಹೇಳುತ್ತಾರೆ. ಸುಳ್ಳು. ಮೂಗಿನವರೆಗೆ ಹತ್ತುವಷ್ಟು ಪುರುಸೊತ್ತು ಅವಳ ಕೋಪಕ್ಕೆ ಎಲ್ಲಿದೆ? ಅದು ನಾಲಿಗೆಯ ಮೇಲೆಯೇ ಚಾಪೆ ಹಾಸಿಕೊಂಡು ಕೂತಿದೆ. ಹುಟ್ಟಿದಾಗ ಇಟ್ಟ ಹೆಸರೊಂದು ಅವಳಿಗೂ ಇದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಕೆಂಡ ಅನ್ನಲು ಎಲ್ಲರಿಗೂ ಬರುತ್ತದೆ. ಊದಿದವರು ಯಾರು ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಆಸ್ಪತ್ರೆ, ಹಾಸ್ಟೆಲು, ಹೋಟೆಲುಗಳ ಹಾಸು ಹೊದಿಕೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿ ಅದು. ಮುಂದೆ ಗಂಟು ಬಿಚ್ಚುವ ಕೋಣೆ, ನಡುವೆ ಒಗೆಯುವ ಯಂತ್ರಗಳು, ಹಿಂದೆ ಇಸ್ತ್ರಿ ಹಾಲ್. ಅಲ್ಲಿನ ಸದ್ದಿನಲ್ಲಿ ಉದ್ದ ಮಾತು ಆಡಿದರೆ ಎದುರಿನವರ ಕಿವಿಗೆ ಬೀಳುವುದು ಅದರ ಬಾಲ ಮಾತ್ರ. ಅದಕ್ಕೇ ಅಲ್ಲಿನವರು ತಮ್ಮದೇ ಆದ ಗಿಡ್ಡ ಮಾತುಗಳನ್ನು ಮಾಡಿಕೊಂಡಿದ್ದಾರೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ತಲೆಬುಡ ತಿಳಿಯುವುದಿಲ್ಲ. ಗಂಟು ಬಿಚ್ಚುವಾಗ ಯಾರೋ ರೋಗಿಯ ಕನ್ನಡಕ, ಹಲ್ಲಿನ ಸೆಟ್ಟು, ಚಮಚ ಉದುರಿದರೆ "ನೆಂಟರು ಬಂದ್ರು" ಅನ್ನುತ್ತಾರೆ. ಕರೆಯದೆ ಬಂದವರಲ್ಲವೇ! ಎಷ್ಟು ತಿಕ್ಕಿದರೂ, ಯಾವ ಪುಡಿ ಹಾಕಿದರೂ ಬಿಟ್ಟು ಹೋಗದ ಕಲೆ "ಮನೆಅಳಿಯ". ಬಟ್ಟೆಗೆ ಗುರುತು ಹಾಕುವ ಕರಿ ಶಾಯಿ "ಕಾಡಿಗೆ". ಬಟ್ಟೆ ಹರಿದು ಚಿಂದಿಯಾದರೂ ಕಾಡಿಗೆ ಹೋಗುವುದಿಲ್ಲ. ಹಾಲ್‌ನ ಉದ್ದಕ್ಕೂ ಮಲಗಿರುವ ಇಸ್ತ್ರಿ ರೋಲರ್ "ಅತ್ತೆ". ಮೈಯೆಲ್ಲ ಬಿಸಿ, ಏನು ಕೊಟ್ಟರೂ ಸರಿಯಿಲ್ಲ, ಒಂದು ಸುಕ್ಕು ಕಂಡರೂ ಆಚೆ ಉಗುಳುತ್ತಾಳೆ.

ಇಷ್ಟರವರೆಗೆ ನಗಬಹುದು. ಇನ್ನೆರಡು ಮಾತುಗಳಿವೆ, ಅವನ್ನು ಕೇಳಿದರೆ ನಗು ಬರುವುದಿಲ್ಲ.

ಅತ್ತೆಯ ಮುಂದೆ ಇಬ್ಬರು ಹೆಂಗಸರು ನಿಂತು, ಒದ್ದೆ ಹಾಸನ್ನು ಎರಡು ತುದಿ ಹಿಡಿದು ಅವಳ ಬಾಯಿಗೆ ಕೊಡಬೇಕು. ಬಾಯಿಯ ಅಡ್ಡಕ್ಕೆ ಹೆಬ್ಬೆರಳ ಗಾತ್ರದ ಒಂದು ಕಂಬಿ ಇದೆ. ಕೈ ತಾಗಿದರೆ ಕಂಬಿ ಮೇಲೇಳುತ್ತದೆ, ಯಂತ್ರ ತಟ್ಟನೆ ನಿಲ್ಲುತ್ತದೆ. ಕೈ ಉಳಿಯಲಿ ಎಂದೇ ಮಾಡಿದ ಏರ್ಪಾಡು. ಆದರೆ ದಪ್ಪ ಅಂಚಿನ ಹಾಸು ತಾಗಿದರೂ ಅದು ಮೇಲೇಳುತ್ತದೆ, ಯಂತ್ರ ನಿಲ್ಲುತ್ತದೆ, ಮತ್ತೆ ಶುರು ಮಾಡಬೇಕು. ಗಂಟುಗಳು ಗುಡ್ಡೆ ಬಿದ್ದ ದಿನ ಸೂಪರ್‌ವೈಸರ್‌ಗೆ ಅಷ್ಟು ತಾಳ್ಮೆ ಇಲ್ಲ. ಹುಟ್ಟಿದ್ದೇ ಗಡಿಬಿಡಿಯಲ್ಲಿ ಎಂಬಂತೆ ಸದಾ "ಅರ್ಜೆಂಟ್, ಅರ್ಜೆಂಟ್" ಎಂದು ಕುಣಿಯುವ ಅವನಿಗೆ ಅರ್ಜೆಂಟಪ್ಪ ಎಂದೇ ಹೆಸರು. ಅವನು ಮಾಡಿಸುವುದಿಷ್ಟೆ: ಎರಡು ಎಳೆ ತಂತಿಯನ್ನು ಹೊಸೆದು, ಕಂಬಿ ಅಲುಗಾಡದಂತೆ ಬಿಗಿದು ಕಟ್ಟಿಸುತ್ತಾನೆ. ಆಮೇಲೆ ಹಾಸು ಬಂದರೂ ನಿಲ್ಲುವುದಿಲ್ಲ, ಕೈ ಬಂದರೂ ನಿಲ್ಲುವುದಿಲ್ಲ. ಹೊಸೆದ ಆ ತಂತಿಗೆ ಜಡೆ ಅಂತ ಹೆಸರು. "ಜಡೆ ಹಾಕಿ" ಅಂದರೆ ಕಟ್ಟಿ. "ಜಡೆ ಬಿಚ್ಚಿ" ಅಂದರೆ ಹೊರಗಿನವರು ಯಾರೋ ತಪಾಸಣೆಗೆ ಬರುತ್ತಿದ್ದಾರೆ, ಬೇಗ ಬಿಚ್ಚಿ ಬಚ್ಚಿಡಿ. ಬಂದವರ ಕಿವಿಗೆ ಬಿದ್ದರೂ ಹೆಂಗಸರ ಹರಟೆ ಅಂದುಕೊಂಡು ಸುಮ್ಮನಾಗುತ್ತಾರೆ.

ಇನ್ನೊಂದು ಮಾತು ಗುಬ್ಬಿ. ಮೈಮೇಲೆ ಎಚ್ಚರವಿಲ್ಲದೆ ಕೈಯನ್ನು ಎಲ್ಲೆಂದರಲ್ಲಿ ಹಾಕುವವರಿಗೆ ಆ ಮಾತು. "ಏಯ್, ಗುಬ್ಬಿ ಆಗ್ತೀಯಾ ನೋಡು!" "ಹೊಸಬಳು ಭಾರಿ ಗುಬ್ಬಿ, ಅತ್ತೆ ಹತ್ರ ಬಿಡ್ಬೇಡಿ." ನಿನ್ನೆ ಮೊನ್ನೆ ಸೇರಿದವರೂ ಆಡುತ್ತಾರೆ. ಪಾಪ, ಅವರಿಗೇನು ಗೊತ್ತು? ಗುಬ್ಬಿ ಅನ್ನುವುದು ಒಬ್ಬ ಹೆಂಗಸು. ಕೆಂಡಕ್ಕನ ತಾಯಿ.

ಕುಳ್ಳಗೆ, ಸಣ್ಣಗೆ, ಒಂದು ಕಡೆ ನಿಲ್ಲದೆ ಪುಟುಪುಟು ಓಡಾಡುತ್ತ, ಬಾಯಿ ಮುಚ್ಚದೆ ಮಾತಾಡುತ್ತ ಇದ್ದವಳು. ಅತ್ತೆಯ ಮುಂದೆ ಅವಳಷ್ಟು ಚುರುಕಾಗಿ ಹಾಸು ಕೊಡುವವರು ಇರಲಿಲ್ಲ. ಒಂದು ದಿನ, ಜಡೆ ಹಾಕಿದ್ದ ಹೊತ್ತಿನಲ್ಲಿ, ಹಾಸಿನ ಮೂಲೆ ಮಡಿಸಿಕೊಂಡು ಒಳಗೆ ಹೋಗುತ್ತಿತ್ತು. ಯಾವಾಗಲೂ ಮಾಡುವಂತೆ ಕೈಚಾಚಿ ಬಿಡಿಸಹೋದಳು. ಕಂಬಿ ಮೇಲೇಳಲಿಲ್ಲ. ಯಂತ್ರ ನಿಲ್ಲಲಿಲ್ಲ. ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು.

ಅವಳನ್ನು ಆಸ್ಪತ್ರೆಗೆ ಸಾಗಿಸುವ ಮೊದಲೇ ತಂತಿ ಮಾಯವಾಗಿತ್ತು. ಅದನ್ನು ಬಿಚ್ಚಿದ ಕೈ ಅರ್ಜೆಂಟಪ್ಪನದು. ರಕ್ತ ಕಟ್ಟಲು ಬಟ್ಟೆ ಹುಡುಕುವ ಮೊದಲು ಅವನು ಹುಡುಕಿದ್ದು ಇಕ್ಕಳವನ್ನು! ವಿಚಾರಿಸಲು ಬಂದವರ ಮುಂದೆ ಕೈಕಟ್ಟಿ ನಿಂತು, "ಕಂಬಿ ಸರಿಯಾಗೇ ಇತ್ತು ಸಾರ್. ಅವಳು ಮಾತಾಡ್ತಾ ಮಾತಾಡ್ತಾ ಕೈ ಹಾಕ್ಬಿಟ್ಳು. ಅವಳ ಬಾಯಿನೇ ಅವಳಿಗೆ ಶತ್ರು" ಎಂದು ತಿಪ್ಪೆ ಸಾರಿಸಿದ. ಹೆಂಗಸರೆಲ್ಲ ನೆಲ ನೋಡಿದರು. ಗುಬ್ಬಿ ಮನೆಗೆ ಹೋದಳು. ದೊಡ್ಡ ಮನಸ್ಸು ಮಾಡಿದ್ದೇವೆ ಎಂದು ಹೇಳಿ, ಅವಳ ಜಾಗಕ್ಕೆ ಅವಳ ಮಗಳನ್ನು ತೆಗೆದುಕೊಂಡರು.

ಅದೇ ಅತ್ತೆ, ಅದೇ ಜಾಗ. ಮಗಳು ಮೊದಲ ಸಲ ಹಾಸು ಹಿಡಿದು ನಿಂತಾಗ ಪಕ್ಕದ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಹುಷಾರು ತಾಯಿ, ಗುಬ್ಬಿ ಆಗ್ಬೇಡ."

ಒದ್ದೆ ಹಾಸು ಆ ಹೆಂಗಸಿನ ಮುಖಕ್ಕೆ ಚಟೀರೆಂದು ಬಡಿಯಿತು. ಕೆಂಡ ಎಂಬ ಹೆಸರು ಬಿದ್ದದ್ದು ಅವತ್ತೇ.

ಅಂದಿನಿಂದ ಕೆಂಡಕ್ಕನಿಗೆ ಒಂದೇ ಹಟ. ಈ ಹಾಲ್‌ನಲ್ಲಿ ಆ ಮಾತು ಯಾರ ಬಾಯಲ್ಲೂ ಬರಕೂಡದು. ಬಂದರೆ ಜಗಳ. ಊಟದ ಹೊತ್ತಿನಲ್ಲಿ ಬಂದರೆ ಡಬ್ಬಿ ಮುಚ್ಚಿಟ್ಟು ಜಗಳ. "ನಿಮ್ಮಮ್ಮನ ಹೆಸರು ಹಿಡಿದು ಬೈತೀನಿ, ಕೇಳಿಸ್ಕೋತೀಯಾ?" ಎಂದು ಮೇಲೆ ಬೀಳುತ್ತಿದ್ದಳು. ಫಲ ಇಷ್ಟೆ: ಅವಳ ಮುಂದೆ ನುಂಗಿಕೊಳ್ಳುತ್ತಿದ್ದರು, ಬೆನ್ನು ತಿರುಗಿಸಿದ ಕೂಡಲೇ ಆಡುತ್ತಿದ್ದರು. ಬಾಯಿಗೆ ಹತ್ತಿದ ಮಾತು ಅದು, ಬಿಡಿಸುವುದು ಸುಲಭವೇ? ಮನೆಯಲ್ಲಿ ತಾಯಿಯ ಹತ್ತಿರ ಮಾತ್ರ ಈ ಸುದ್ದಿಯನ್ನೇ ಎತ್ತಲಿಲ್ಲ. ಬೆರಳು ಹೋದದ್ದು ಸಾಲದೆ ಹೆಸರೂ ಹೀಗಾಯಿತು ಎಂದು ಯಾವ ಬಾಯಲ್ಲಿ ಹೇಳುವುದು?

ಹೀಗೆ ನಡೆಯುತ್ತಿದ್ದಾಗ ಹೊಸ ಮ್ಯಾನೇಜರ್ ಬಂದ. ಇನ್ನೂ ಚಿಕ್ಕ ವಯಸ್ಸು, ಕೆಟ್ಟವನಲ್ಲ. ಕೆಲಸಗಾರರ ಜೊತೆ ಬೆರೆಯಬೇಕು, ಅವರ ಭಾಷೆಯಲ್ಲೇ ಮಾತಾಡಬೇಕು ಎಂಬ ಹುರುಪು. ನೆಂಟರು, ಮನೆಅಳಿಯ ಎಲ್ಲ ಕಲಿತು ತಾನೂ ಆಡಿ ನಗುತ್ತಿದ್ದ. ಜಡೆ ಅಂದರೆ ಏನೆಂದು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಕೆಂಡಕ್ಕ ಕೆಲಸಕ್ಕೆ ಬಂದು ನೋಡುತ್ತಾಳೆ, ಅತ್ತೆಯ ಎದುರಿನ ಗೋಡೆಯ ಮೇಲೆ ಆಳೆತ್ತರದ ಚಿತ್ರ! ಒಂದು ಗುಬ್ಬಚ್ಚಿ, ರೆಕ್ಕೆಗೆ ಬಿಳಿ ಪಟ್ಟಿ ಸುತ್ತಿದೆ, ಕಣ್ಣಲ್ಲಿ ನೀರು. ಕೆಳಗೆ ದಪ್ಪ ಅಕ್ಷರದಲ್ಲಿ: "ಗುಬ್ಬಿ ಆಗಬೇಡಿ! ನಿಮ್ಮ ಕೈ ನಿಮ್ಮ ಜವಾಬ್ದಾರಿ."

ಇಷ್ಟು ದಿನ ಬಾಯಿಂದ ಬಾಯಿಗೆ ಹಾರುತ್ತಿದ್ದದ್ದು ಈಗ ಗೋಡೆಯ ಮೇಲೆ ಬಣ್ಣ ಹಚ್ಚಿಕೊಂಡು ಕೂತಿತ್ತು. ಬಣ್ಣದವನ ಏಣಿಯ ಪಕ್ಕ ಮ್ಯಾನೇಜರ್ ನಿಂತಿದ್ದ, ಅವನ ಹಿಂದೆ ಅರ್ಜೆಂಟಪ್ಪ ಹಲ್ಲು ಗಿಂಜುತ್ತಿದ್ದ.

"ಹೇಗಿದೆ ಅಕ್ಕ? ನಿಮ್ಮದೇ ಮಾತು. ನಿಯಮ ಅಂತ ಬರೆದ್ರೆ ಯಾರೂ ಓದಲ್ಲ, ಇದಾದ್ರೆ ಮನಸ್ಸಿಗೆ ನಾಟುತ್ತೆ."

"ಅಳಿಸಿ" ಅಂದಳು ಕೆಂಡಕ್ಕ.

"ಯಾಕೆ? ಚೆನ್ನಾಗಿಲ್ವಾ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅರ್ಜೆಂಟಪ್ಪ ನಡುವೆ ನುಗ್ಗಿದ. "ಬಿಡಿ ಸಾರ್, ಈಯಮ್ಮ ಹಾಗೇ. ಗಾಳಿ ಬೀಸಿದ್ರೂ ಜಗಳ. ಏಯ್, ಗಂಟು ಬಿದ್ದಿದೆ, ನಡಿ, ಅರ್ಜೆಂಟ್!" ಅಂದವನೇ ಮ್ಯಾನೇಜರನ ಭುಜ ಹಿಡಿದು ಆಚೆ ಕರೆದುಕೊಂಡು ಹೋದ. ಕೋಪ ಗಂಟಲಿಗೆ ಬಂದು ನಿಂತರೆ ಮಾತು ಹೊರಡುವುದಿಲ್ಲ ಎಂದು ಕೆಂಡಕ್ಕನಿಗೆ ಅವತ್ತೇ ಗೊತ್ತಾದದ್ದು. ಬೈಗುಳದ ಭಂಡಾರವೇ ಆಗಿದ್ದವಳು ಒಂದು ಅಕ್ಷರವೂ ಸಿಗದೆ ಹಾಸು ಎತ್ತಿಕೊಂಡಳು. ಇಡೀ ದಿನ ಆ ಹಕ್ಕಿಯ ಎದುರಿಗೇ ನಿಂತು ಕೆಲಸ ಮಾಡಿದಳು.

ತಾಯಿ ಮಗಳು ಇರುವುದು ಮೂರನೇ ಮಹಡಿಯ ಒಂದು ಕೋಣೆಯಲ್ಲಿ. ಒಳಗೆ ಕಾಲಿಟ್ಟಾಗ ತಾಯಿ ಕಿಟಕಿಯ ಬಳಿ ಕೂತು, ಎಡಗೈಯಲ್ಲಿ ಬಟ್ಟೆ ಹಿಡಿದು, ಬಲಗೈಯ ಎರಡೇ ಬೆರಳಲ್ಲಿ ಗುಂಡಿ ಹೊಲಿಯುತ್ತಿದ್ದಳು. ಅದನ್ನು ಕಂಡದ್ದೇ ತಡ, ಮಗಳ ಕಟ್ಟೆ ಒಡೆಯಿತು. ಚೀಲ ಮೂಲೆಗೆ ಎಸೆದಳು. ಹಕ್ಕಿ, ಪಟ್ಟಿ, ಕಣ್ಣೀರು, ಅಕ್ಷರ, ಮ್ಯಾನೇಜರನ ನಗು, ಅರ್ಜೆಂಟಪ್ಪನ ಹಲ್ಲು, ಎಲ್ಲ ಒಂದೇ ಉಸಿರಿಗೆ ಕಾರಿಕೊಂಡಳು. ಮುಚ್ಚಿಟ್ಟುಕೊಂಡು ಬಂದದ್ದೆಲ್ಲ ಹೊರಗೆ ಬಿತ್ತು. ಯಾರ ಮುಂದೆ ಆಡಿದೆ ಎಂದು ಹೊಳೆದದ್ದು ಆಡಿ ಮುಗಿದ ಮೇಲೆ.

ತಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಗೊತ್ತು."

"ಏನು ಗೊತ್ತು?"

"ನನ್ನ ಹೆಸರನ್ನ ಅಲ್ಲಿ ಹೇಗೆ ಆಡ್ಕೋತಾರೆ ಅಂತ ಗೊತ್ತು. ಬೆರಳು ಹೋಗಿದೆ, ಕಿವಿ ಹೋಗಿಲ್ವಲ್ಲ. ನಿನ್ನ ಜೊತೆ ಕೆಲಸ ಮಾಡೋರೇ ಇಲ್ಲಿ ಮೆಟ್ಟಿಲ ಮೇಲೆ ನಿಂತು ಅದೇ ಮಾತಾಡಿ ನಗ್ತಾ ಹೋಗಿದ್ದಾರೆ."

"ಮತ್ತೆ ಸುಮ್ಮನೆ ಇದ್ಯಲ್ಲಮ್ಮ!"

"ನೀನು ಕೂಗಾಡ್ತಾ ಇದ್ಯಲ್ಲ, ನಾನೂ ಯಾಕೆ ಕೂಗಾಡ್ಲಿ?" ತಾಯಿ ಮಗಳ ಮುಖ ನೋಡಲಿಲ್ಲ, ತನ್ನ ಕೈ ನೋಡಿಕೊಂಡಳು. "ನಿನ್ನ ಕೂಗಾಟ ಬೇರೆ, ನನ್ನ ಉರಿ ಬೇರೆ. ಅಲ್ಲಿನ ಮಾತುಗಳನ್ನ ಮಾಡಿದ್ದು ಯಾರು ಅಂದ್ಕೊಂಡಿದ್ದೀಯ? ಅತ್ತೆ, ನೆಂಟರು, ಮನೆಅಳಿಯ, ಕಾಡಿಗೆ. ಎಲ್ಲ ನಂದೇ. ಕೆಲಸ ಹಗುರ ಆಗ್ಲಿ ಅಂತ ಏನೋ ಒಂದು ಹೇಳ್ತಿದ್ದೆ, ಎಲ್ಲರೂ ನಗೋರು, ಅದೇ ಉಳೀತು. ಜಡೆನೂ ನಂದೇ."

ಮಗಳು ಮಂಚದ ಮೇಲೆ ಕುಸಿದು ಕೂತಳು.

"ಮೊದಲ ಸಲ ಅವನು ತಂತಿ ಕೊಟ್ಟಾಗ ಎಲ್ಲರಿಗೂ ಭಯ ಇತ್ತು. ಯಾರೂ ಕಟ್ಟೋಕೆ ಮುಂದೆ ಬರ್ಲಿಲ್ಲ. ನಾನು ಇದ್ನಲ್ಲ, ದೊಡ್ಡ ಮಾತುಗಾರ್ತಿ! ಹೊಸೆದು ಕಟ್ಟಿ, 'ನೋಡ್ರೇ, ಅತ್ತೆಗೆ ಜಡೆ ಹಾಕ್ದೆ' ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತಿಂದ ಯಾರಿಗೂ ಭಯ ಆಗ್ಲಿಲ್ಲ. ಜಡೆಗೆ ಯಾರಾದ್ರೂ ಹೆದರ್ತಾರಾ?" ಅವಳ ಸ್ವರ ಗಡುಸಾಯಿತು. "ಅವನು ಮಾಡಿದ ಅನ್ಯಾಯಕ್ಕೆ ಚೆಂದದ ಹೆಸರು. ನನ್ನ ಕೈ ಹೋಗಿದ್ದಕ್ಕೆ ನನ್ನದೇ ಹೆಸರು. ನೀನು ಗೋಡೆ ಮೇಲಿನ ಹಕ್ಕಿ ಜೊತೆ ಜಗಳ ಆಡ್ತಾ ಕೂತಿದ್ದೀಯ. ಇವತ್ತೂ ಜಡೆ ಹಾಕಿದ್ರಾ?"

"ಹಾಕಿದ್ರು."

"ನಿನ್ನ ಕೈ ಅದರ ಕೆಳಗಿತ್ತಾ?"

"ಇತ್ತು."

"ಥೂ" ಅಂದಳು ತಾಯಿ. ಉಗುಳಿದ್ದು ಮಗಳಿಗೋ, ಅರ್ಜೆಂಟಪ್ಪನಿಗೋ, ತನಗೋ, ಯಾರಿಗೆ ಗೊತ್ತು? ಆಮೇಲೆ ಸೂಜಿ ತೆಗೆದುಕೊಂಡು ಮತ್ತೆ ಗುಂಡಿ ಹೊಲಿಯತೊಡಗಿದಳು.

ತಪಾಸಣೆಯವರು ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಗೋಡೆಯ ಚಿತ್ರ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಮ್ಯಾನೇಜರನೇ ಅವಸರ ಮಾಡಿ ಕರೆಸಿದ್ದ. ಬಂದವಳು ನಡುವಯಸ್ಸಿನ ಹೆಂಗಸು, ಕಾಲು ನೋಯುತ್ತಿದ್ದವಳಂತೆ ನಿಧಾನವಾಗಿ ನಡೆಯುತ್ತಿದ್ದಳು. ಅವಳಿನ್ನೂ ಒಗೆಯುವ ಯಂತ್ರಗಳ ಬಳಿ ಇರುವಾಗಲೇ ಅರ್ಜೆಂಟಪ್ಪ ಇಸ್ತ್ರಿ ಹಾಲ್‌ಗೆ ಓಡಿ ಬಂದ. ಕೈ ಬಾಯಿಗೆ ಅಡ್ಡ ಹಿಡಿದು, "ಜಡೆ ಬಿಚ್ಚಿ! ಜಡೆ ಬಿಚ್ಚಿ!" ಎಂದು ಕೂಗಿದ.

ಕೆಂಡಕ್ಕನ ಜೋಡಿಯಾಗಿ ಹಾಸು ಹಿಡಿಯುತ್ತಿದ್ದವಳು ತಂತಿಗೆ ಕೈ ಹಾಕಿದಳು. ಕೆಂಡಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಬಿಡೆ, ನಿಂಗೇನು ಹುಚ್ಚಾ?"

"ಇವತ್ತು ಬಿಚ್ಚೋದು ಬೇಡ."

"ನಿನ್ನ ಜೊತೆ ನನ್ನ ಕೆಲಸನೂ ಹೋಗುತ್ತೆ!"

"ನೀನು ಮುಟ್ಟಿಲ್ಲ. ನಾನು ಬಿಡ್ಲಿಲ್ಲ ಅಂತ ಹೇಳು. ಹಿಂದೆ ಸರಿ."

ಜೋಡಿ ಹಿಂದೆ ಸರಿದಳು. ಅರ್ಜೆಂಟಪ್ಪ ಅಲ್ಲಿಂದಲೇ ಕಣ್ಣು ಕೆಕ್ಕರಿಸಿದ, ಹಲ್ಲು ಕಚ್ಚಿದ, ಕತ್ತು ಕೊಯ್ಯುವ ಸನ್ನೆಯನ್ನೂ ಮಾಡಿದ. ಅಷ್ಟರಲ್ಲಿ ತಪಾಸಣೆಯವಳು ಮ್ಯಾನೇಜರನ ಜೊತೆ ಬಾಗಿಲಿಗೆ ಬಂದಿದ್ದಳು, ಅವನ ಕೈ ತಾನಾಗಿ ನಮಸ್ಕಾರವಾಯಿತು.

"ಏನೋ ಕೂಗ್ತಾ ಇದ್ರಲ್ಲ, ಏನದು?" ಎಂದು ಅವಳು ಕೇಳಿದಳು.

"ಏನಿಲ್ಲ ಮೇಡಂ. ಇಲ್ಲಿಯ ಮಾತು. ಬೇಗ ಬೇಗ ಮಾಡಿ ಅಂತ."

"ಅಲ್ಲ ಮೇಡಂ" ಅಂದಳು ಕೆಂಡಕ್ಕ. ಅವಳ ಗಂಟಲು ಅವತ್ತು ಕೈ ಕೊಡಲಿಲ್ಲ. "ಈ ಕಂಬಿನ ತಂತಿ ಹಾಕಿ ಕಟ್ಟಿದ್ದೀವಿ. ಕೈ ಹೋದ್ರೂ ಮಿಷನ್ ನಿಲ್ಲಬಾರದು ಅಂತ ಕಟ್ಟಿದ್ದೀವಿ. ನೀವು ಬರ್ತೀರ, ಬೇಗ ಬಿಚ್ಚಿ ಅಂತ ಇವರು ಕೂಗಿದ್ದು. ನಾನು ಬಿಚ್ಚಿಲ್ಲ."

ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಕೈಗವಸನ್ನು ಎಳೆದು ಅತ್ತೆಯ ಬಾಯಿಗೆ ಕೊಟ್ಟಳು. ಐದು ಬೆರಳು ಮೊದಲು ಒಳಗೆ ಹೋದವು. ಕಂಬಿ ಅಲುಗಲಿಲ್ಲ. ಯಂತ್ರ ಒಂದು ಕ್ಷಣವೂ ತಡವರಿಸಲಿಲ್ಲ. ಆಚೆ ಕಡೆಯಿಂದ ಗವಸು ಕಾಗದದಂತೆ ಚಪ್ಪಟೆಯಾಗಿ, ಹಬೆಯಾಡುತ್ತ ಬಂದು ಮೇಜಿನ ಮೇಲೆ ಬಿತ್ತು. ತಪಾಸಣೆಯವಳೇ ಹೋಗಿ ಕೆಂಪು ಗುಂಡಿ ಒತ್ತಿದಳು. ಅತ್ತೆ ನಿಂತಳು.

"ಹಿಂದೆ ಯಾರಿಗಾದ್ರೂ ಏಟಾಗಿದೆಯಾ ಇಲ್ಲಿ?"

ಅರ್ಜೆಂಟಪ್ಪ ಬೆವರೊರೆಸಿಕೊಂಡ. "ಒಂದೇ ಸಲ ಮೇಡಂ, ತುಂಬ ಹಿಂದೆ. ಅದು ಸುಮ್ನೆ ಗುಬ್ಬಿ ಆಗಿದ್ದು."

"ಗುಬ್ಬಿ ಆಗೋದು ಅಂದ್ರೆ?"

ಮ್ಯಾನೇಜರನಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಗೋಡೆಯ ಕಡೆ ಕೈ ತೋರಿಸಿದ. "ಅಜಾಗರೂಕತೆ ಅಂತ ಅರ್ಥ ಮೇಡಂ. ಕೆಲಸಗಾರರೇ ಹುಟ್ಟಿಸಿದ ಮಾತು. ಹಕ್ಕಿ ಎಲ್ಲೆಂದರಲ್ಲಿ ಕೊಕ್ಕು ಹಾಕುತ್ತಲ್ಲ, ಹಾಗೆ."

"ಹಕ್ಕಿ ಅಲ್ಲ" ಅಂದಳು ಕೆಂಡಕ್ಕ. "ನಮ್ಮಮ್ಮ. ಇನ್ನೂ ಬದುಕಿದ್ದಾಳೆ. ಇದೇ ಜಾಗದಲ್ಲಿ ನಿಂತಿದ್ದಳು, ಇದೇ ತಂತಿ ಕಟ್ಟಿತ್ತು, ಕಟ್ಟಿಸಿದವರು ಇವರೇ. ಬೆರಳು ಹೋದಾಗ ಮೊದಲು ತಂತಿ ಬಿಚ್ಚಿದವರೂ ಇವರೇ. ನೀವು ಅವಳ ಕೈಗೆ ಪಟ್ಟಿ ಕಟ್ಟಿ ಗೋಡೆ ಮೇಲೆ ನಿಲ್ಲಿಸಿದ್ದೀರ ಸಾರ್, ಕಣ್ಣಲ್ಲಿ ನೀರು ಬೇರೆ ಬರೆಸಿದ್ದೀರ. ಅವಳು ಒಂದು ಹನಿ ಕಣ್ಣೀರೂ ಹಾಕಿಲ್ಲ."

ಮ್ಯಾನೇಜರನ ಮುಖ ಒಗೆದ ಬಟ್ಟೆಯಂತೆ ಬಿಳುಚಿಕೊಂಡಿತು. ಹಾಲ್‌ನಲ್ಲಿ ಹೊಸದಾಗಿ ಸೇರಿದ್ದ ಒಬ್ಬಳು, ಆ ಬೆಳಿಗ್ಗೆಯಷ್ಟೇ ಆ ಮಾತಾಡಿ ನಕ್ಕಿದ್ದವಳು, ಕೈಯಿಂದ ಬಾಯಿ ಮುಚ್ಚಿಕೊಂಡಳು.

ನ್ಯಾಯ ಆಯಿತೇ ಎಂದು ಕೇಳಬೇಡಿ. ತಂತಿಗಳನ್ನು ಕತ್ತರಿಸಿ ಬಿಸಾಡಿದರು, ಅದೊಂದು ಆಯಿತು. ಕಂಬಿಗೆ ಯಾರೂ ಏನೂ ಕಟ್ಟಕೂಡದೆಂದು ಕಟ್ಟಪ್ಪಣೆಯಾಯಿತು. ಅರ್ಜೆಂಟಪ್ಪ ಇದ್ದ ಕಡೆಯೇ ಇದ್ದ, ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಉದುರಲಿಲ್ಲ. ಕೆಂಡಕ್ಕನನ್ನು ಇಸ್ತ್ರಿ ಹಾಲ್‌ನಿಂದ ಎತ್ತಿ ಗಂಟು ಬಿಚ್ಚುವ ಕೋಣೆಗೆ ಹಾಕಿದರು. ಎಲ್ಲರೂ ಮೂಗು ಮುಚ್ಚಿಕೊಳ್ಳುವ ಜಾಗ ಅದು. ಹೊಸ ಮ್ಯಾನೇಜರ್ ನಾಚಿಕೆಯಿಂದಲೋ ಹೆದರಿಕೆಯಿಂದಲೋ ಗೋಡೆಗೆ ದಪ್ಪಗೆ ಸುಣ್ಣ ಹೊಡೆಸಿದ. ಹಕ್ಕಿಯೂ ಹೋಯಿತು, ಹೆಸರೂ ಹೋಯಿತು. ಇಷ್ಟು ಕಾಲ ಕೆಂಡಕ್ಕ ಬಯಸಿದ್ದು ಇದನ್ನೇ ಅಲ್ಲವೇ? ಮನೆಗೆ ಬಂದು ತಾಯಿಗೆ ಹೇಳುವಾಗ ಅವಳ ದನಿಯಲ್ಲಿ ಗೆಲುವಿತ್ತು.

"ಅಳಿಸಿಬಿಟ್ರಮ್ಮ. ಈಗ ಯಾರೂ ನಿನ್ನ ಹೆಸರೆತ್ತಲ್ಲ."

ತಾಯಿ ಹೊಲಿಗೆ ಪಕ್ಕಕ್ಕೆ ಎಸೆದಳು. ಅವಳಿಗೆ ಅಂಥ ಕೋಪ ಬಂದದ್ದನ್ನು ಮಗಳು ಹುಟ್ಟಿದ ಮೇಲೆ ನೋಡಿರಲಿಲ್ಲ.

"ಅಳಿಸೋಕೆ ಯಾರು ಹೇಳಿದ್ದು? ಕೈ ಹೋಯ್ತು, ಕೆಲಸ ಹೋಯ್ತು, ಈಗ ನಾನು ಅಲ್ಲಿ ಇರ್ಲೇ ಇಲ್ಲ ಅಂತ ಮಾಡಿದ್ರಾ? ನನ್ನ ಹೆಸರು ಇರ್ಬೇಕಿತ್ತು. ಅದರ ಪಕ್ಕದಲ್ಲಿ ಅವನ ಹೆಸರು ಬರೀಬೇಕಿತ್ತು!"

ಕೆಂಡಕ್ಕ ಅವಳನ್ನೇ ದಿಟ್ಟಿಸಿ ನೋಡಿದಳು. ತನಗೆ ಕೋಪ ಎಲ್ಲಿಂದ ಬಂತೆಂದು ಅವಳಿಗೆ ಆಗ ಅನುಮಾನ ಉಳಿಯಲಿಲ್ಲ.

ಬಟ್ಟೆಗೆ ಗುರುತು ಹಾಕುವ ಕೆಲಸ ಗಂಟು ಬಿಚ್ಚುವ ಕೋಣೆಯದು. ಕಾಡಿಗೆಯ ಡಬ್ಬಿ, ಕುಂಚ, ಎಲ್ಲ ಈಗ ಕೆಂಡಕ್ಕನ ಕೈಗೆಟಕುವ ಹಲಗೆಯ ಮೇಲೇ ಇದ್ದವು. ಮರುದಿನ ಎಲ್ಲರೂ ಊಟ ಮುಗಿಸಿ ಬರುವಷ್ಟರಲ್ಲಿ ಅತ್ತೆಯ ಎದುರಿನ ಬಿಳಿ ಗೋಡೆಯ ಮೇಲೆ ಕರಿ ಅಕ್ಷರಗಳಿದ್ದವು: "ಬೆರಳು ಹೋದದ್ದು ಗುಬ್ಬಿಯದು. ತಂತಿ ಕಟ್ಟಿಸಿದ್ದು ಅರ್ಜೆಂಟಪ್ಪ."

ಅರ್ಜೆಂಟಪ್ಪ ಕೆಂಡಾಮಂಡಲವಾದ. ಯಾರು ಬರೆದದ್ದು ಎಂದು ಒಬ್ಬೊಬ್ಬರ ಮುಂದೆ ನಿಂತು ಕೇಳಿದ. ಹಿಂದೊಮ್ಮೆ ನೆಲ ನೋಡಿದ್ದ ಹೆಂಗಸರು ಈ ಸಲ ಅವನ ಮುಖವನ್ನೇ ನೋಡಿದರು.

"ಯಾರೋ ನೆಂಟರು ಬಂದಿದ್ರು ಸಾರ್" ಅಂದಳು ಕೆಂಡಕ್ಕನ ಹಳೆಯ ಜೋಡಿ.

ಅವನು ನಿಂತು ಸುಣ್ಣ ಹೊಡೆಸಿದ. ಒಣಗುತ್ತಿದ್ದ ಹಾಗೆ ಅಕ್ಷರಗಳು ಒಳಗಿನಿಂದ ಮತ್ತೆ ಮೂಡಿದವು. ಇನ್ನೊಂದು ಕೈ ಹೊಡೆಸಿದ, ಮತ್ತೆ ಮೂಡಿದವು. ಈಗಲೂ ಆ ಗೋಡೆಗೆ ಆಗಾಗ ಸುಣ್ಣ ಹೊಡೆಯುತ್ತಾರೆ, ಈಗಲೂ ಓದಬಹುದು.